ತಿದ್ದಿ ತಿದ್ದಿ ಬರೆದ ಅಪ್ಪ

ದೊಡ್ಡ ನಿರ್ದೇಶಕನೊಬ್ಬ ತೀರಿಕೊಂಡಾಗ ಪತ್ರಿಕೆಗಳಲ್ಲಿ ಬರುವ ನುಡಿನಮನಗಳಿಗೆ ಒಂದು ಅಚ್ಚು ಇದೆ. ಬಾಲ್ಯದಲ್ಲಿ ಕಷ್ಟ, ಮನೆಯಲ್ಲಿ ಕಟ್ಟುನಿಟ್ಟಿನ ಅಪ್ಪ, ದೇವರ ಮೇಲೆ ಮುನಿಸು, ಮುರಿದುಬಿದ್ದ ಸಂಸಾರ. ಇವೆಲ್ಲ ಒಳಗೊಳಗೇ ಕುದಿದು ಒಂದು ದಿನ ಸಿನಿಮಾ ಆಗಿ ಉಕ್ಕಿದವು ಎಂದು ಬರೆದರೆ ಲೇಖನ ಮುಗಿಯಿತು. ಈ ಅಚ್ಚಿಗೆ ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್‌ನಷ್ಟು ಸಲೀಸಾಗಿ ಹೊಂದುವವರು ಕಡಿಮೆ. ಲೂಥರನ್ ಪಾದ್ರಿಯ ಮಗ, ಪೆಟ್ಟು ತಿಂದು ಬೆಳೆದವ, ನಂಬಿಕೆ ಕಳೆದುಕೊಂಡವ, ಐದು ಸಲ ಮದುವೆಯಾಗಿ ಒಂಬತ್ತು ಮಕ್ಕಳಿಗೆ ತಂದೆಯಾದವ. ಆದರೆ ಈ ಲೆಕ್ಕದಲ್ಲಿ ಒಂದು ಕಡೆ ತಾಳೆ ತಪ್ಪುತ್ತದೆ. ಅದೇ ಮನೆಯಲ್ಲಿ, ಅದೇ ಅಪ್ಪನ ಕೈಕೆಳಗೆ ಬೆಳೆದವರು ಇನ್ನಿಬ್ಬರಿದ್ದರು. ಅಣ್ಣ ಡಾಗ್‌ಗೆ ತನಗಿಂತ ಹೆಚ್ಚು ಪೆಟ್ಟು ಬೀಳುತ್ತಿತ್ತು ಎಂದು ಬರ್ಗ್‌ಮನ್ನನೇ ಬರೆದಿದ್ದಾನೆ. ಆ ಡಾಗ್ ರಾಜತಾಂತ್ರಿಕನಾಗಿ ಬದುಕು ಸಾಗಿಸಿದ. ನೋವೇ ಕಲೆಯ ಬೀಜವಾಗಿದ್ದರೆ ಅಣ್ಣನೇ ದೊಡ್ಡ ನಿರ್ದೇಶಕನಾಗಬೇಕಿತ್ತು. ಹಾಗಾದರೆ ತಮ್ಮನಲ್ಲಿ ಆದದ್ದೇನು? ನನ್ನ ಉತ್ತರ ಇಷ್ಟು: ನಂಬಿಕೆ, ಕುಟುಂಬ, ಸಂಕಟ ಇವು ಬರ್ಗ್‌ಮನ್‌ಗೆ ಕೊಟ್ಟದ್ದು ಕಥೆಗಿಂತ ಹೆಚ್ಚಾಗಿ ಕಟ್ಟುವ ಕ್ರಮವನ್ನು. ಅವನ ಪ್ರತಿಭೆ ಇದ್ದದ್ದು ಬಾಲ್ಯವನ್ನು ನೆನಪಿಟ್ಟುಕೊಂಡದ್ದರಲ್ಲಲ್ಲ, ಅದರ ಬಗ್ಗೆ ತಾನು ಕೊಟ್ಟ ತೀರ್ಪನ್ನು ಅರ್ಧ ಶತಮಾನದುದ್ದಕ್ಕೂ ತಿದ್ದುತ್ತ ಹೋದದ್ದರಲ್ಲಿ.

ಮೊದಲು ಮನೆಯ ಸಂಗತಿ. ತಂದೆ ಎರಿಕ್ ಬರ್ಗ್‌ಮನ್ ಬಡತನದಿಂದ ಮೇಲೆ ಬಂದ ಪಾದ್ರಿ. ಸ್ಟಾಕ್‌ಹೋಮ್‌ನ ಸೋಫಿಯಾಹೆಮ್ಮೆಟ್ ಆಸ್ಪತ್ರೆಯ ಚಾಪೆಲ್‌ನಲ್ಲಿ ಸೇವೆ ಸಲ್ಲಿಸಿ, ಆಮೇಲೆ ನಗರದ ದೊಡ್ಡ ಚರ್ಚುಗಳಲ್ಲೊಂದಾದ ಹೆಡ್ವಿಗ್ ಎಲಿಯೊನೋರಾದ ಮುಖ್ಯ ಪಾದ್ರಿಯಾದ, ಅರಮನೆಗೂ ಬೇಕಾದವನಾದ. ತಾಯಿ ಕರಿನ್ ಅನುಕೂಲಸ್ಥರ ಮಗಳು, ದಾದಿಯಾಗಿ ತರಬೇತಿ ಪಡೆದವಳು, ಗಟ್ಟಿ ಮನಸ್ಸಿನ ಹೆಂಗಸು. ಈ ಮದುವೆಗೆ ಅವಳ ಮನೆಯವರ ಒಪ್ಪಿಗೆ ಇರಲಿಲ್ಲ. ಪಾದ್ರಿಯ ಮನೆಯೆಂದರೆ ಊರಿನ ಕಣ್ಣು ಸದಾ ನೆಟ್ಟಿರುವ ಮನೆ. ಅಲ್ಲಿ ಮಕ್ಕಳ ತುಂಟತನವೂ ಸಭೆಯ ಮುಂದೆ ತಂದೆಯ ಮರ್ಯಾದೆಯ ಪ್ರಶ್ನೆಯಾಗುತ್ತದೆ. 1987ರಲ್ಲಿ ಬಂದ 'ಲಾಟರ್ನಾ ಮ್ಯಾಜಿಕಾ' ಎಂಬ ಆತ್ಮಕಥೆಯಲ್ಲಿ ಬರ್ಗ್‌ಮನ್ ಆ ಮನೆಯ ಶಿಕ್ಷೆಯ ಪದ್ಧತಿಯನ್ನು ವಿವರವಾಗಿ ಬಣ್ಣಿಸಿದ್ದಾನೆ. ತಪ್ಪು ಸಿಕ್ಕಿಬಿದ್ದ ಮೇಲೆ ವಿಚಾರಣೆ. ಆಮೇಲೆ ತಪ್ಪೊಪ್ಪಿಗೆ. ಎಷ್ಟು ಪೆಟ್ಟು ಎಂಬುದರ ತೀರ್ಮಾನ. ಜಮಖಾನೆಯ ಧೂಳು ಬಡಿಯುವ ಕೋಲಿನಿಂದ ಅಷ್ಟು ಪೆಟ್ಟು. ಬಳಿಕ ಅಪ್ಪನ ಕೈಗೆ ಮುತ್ತಿಡಬೇಕು, ಅಲ್ಲಿಗೆ ಕ್ಷಮೆ ಸಿಕ್ಕಿತು, ಪಾಪದ ಲೆಕ್ಕ ಚುಕ್ತಾ. ಹಾಸಿಗೆ ಒದ್ದೆ ಮಾಡಿದರೆ ಇಡೀ ದಿನ ಕೆಂಪು ಲಂಗ ತೊಟ್ಟು ತಿರುಗಬೇಕಿತ್ತು. ಕೆಲವೊಮ್ಮೆ ಕತ್ತಲೆಯ ಬೀರುವಿನೊಳಗೆ ಕೂಡಿಹಾಕುತ್ತಿದ್ದರು. ಹುಡುಗ ಅದಕ್ಕೂ ಒಂದು ಉಪಾಯ ಕಂಡುಕೊಂಡಿದ್ದ: ಒಳಗೆ ಬಚ್ಚಿಟ್ಟ ಬ್ಯಾಟರಿಯ ಬೆಳಕನ್ನು ಗೋಡೆಗೆ ಬಿಟ್ಟು ಸಿನಿಮಾ ನೋಡುತ್ತಿದ್ದೇನೆಂದು ಭಾವಿಸಿಕೊಳ್ಳುವುದು. ಒಂದು ಕ್ರಿಸ್‌ಮಸ್‌ನಲ್ಲಿ ಅಣ್ಣನಿಗೆ ಸಿಕ್ಕಿದ ಆಟಿಕೆ ಪ್ರೊಜೆಕ್ಟರನ್ನು ತನ್ನ ತವರದ ಸೈನಿಕರ ಗುಂಪನ್ನೇ ಕೊಟ್ಟು ಬದಲಾಯಿಸಿಕೊಂಡದ್ದೂ ಇದೇ ಮನೆಯಲ್ಲಿ.

ಈ ಪ್ರಸಂಗಗಳನ್ನು ಓದಿ ಮರುಗುವುದು ಸುಲಭ. ಅವುಗಳ ಆಕಾರ ನೋಡಬೇಕು. ತಪ್ಪು, ವಿಚಾರಣೆ, ತಪ್ಪೊಪ್ಪಿಗೆ, ದಂಡನೆ, ಕ್ಷಮೆ ಎಂಬ ಐದು ಮೆಟ್ಟಿಲು ಲೂಥರನ್ ಆರಾಧನೆಯಿಂದ ನೇರವಾಗಿ ಊಟದ ಮನೆಗೆ ಇಳಿದು ಬಂದಂಥವು, ಜೊತೆಗೆ ನಾಟಕದ ಅಂಕಗಳಂತೆಯೂ ಇವೆ. ಬರ್ಗ್‌ಮನ್‌ನ ಯಾವ ಮುಖ್ಯ ಚಿತ್ರ ತೆಗೆದುಕೊಂಡರೂ ನಡುವಿನಲ್ಲಿ ಒಂದು ತಪ್ಪೊಪ್ಪಿಗೆ ಕೂತಿರುತ್ತದೆ. 'ದಿ ಸೆವೆಂತ್ ಸೀಲ್' ಚಿತ್ರದ ಯೋಧ ಅಂಟೋನಿಯಸ್ ಬ್ಲಾಕ್ ಚರ್ಚಿನ ಜಾಲರಿಯ ಆಚೆ ಇರುವವನು ಪಾದ್ರಿ ಎಂದುಕೊಂಡು ಮನಸ್ಸು ಬಿಚ್ಚುತ್ತಾನೆ, ಕೇಳಿಸಿಕೊಳ್ಳುತ್ತಿರುವುದು ಸಾವು. 1966ರ 'ಪರ್ಸೋನಾ'ದಲ್ಲಿ ದಾದಿ ಆಲ್ಮಾ ಮಾತೇ ಆಡದ ನಟಿಯ ಮುಂದೆ ತನ್ನ ಹಳೆಯ ಗುಟ್ಟನ್ನೆಲ್ಲ ಹೇಳಿಕೊಳ್ಳುತ್ತಾಳೆ. ಉತ್ತರ ಬಾರದ ಕಿವಿಗೆ ಹೇಳಿಕೊಳ್ಳುವುದು ಎಂದರೆ ಪ್ರಾರ್ಥನೆಯಲ್ಲದೆ ಇನ್ನೇನು? 1963ರ 'ವಿಂಟರ್ ಲೈಟ್'ನಲ್ಲಿ ಶಾಲಾ ಶಿಕ್ಷಕಿ ಮಾರ್ತಾ ಬರೆದ ಕಾಗದವನ್ನು ಪಾದ್ರಿ ಓದಲು ತೊಡಗುತ್ತಾನೆ. ಅಲ್ಲಿಂದ ಹಲವು ನಿಮಿಷ ಪರದೆಯ ತುಂಬ ನಟಿ ಇಂಗ್ರಿಡ್ ಥೂಲಿನ್‌ಳ ಮುಖ ಮಾತ್ರ, ಕ್ಯಾಮೆರಾವನ್ನೇ ದಿಟ್ಟಿಸುತ್ತ ಆಡುವ ಮಾತು ಮಾತ್ರ. ಬರ್ಗ್‌ಮನ್‌ನ ಕ್ಲೋಸಪ್‌ಗಳನ್ನು ಜಗತ್ತಿನ ವಿಮರ್ಶಕರು ಮುಖದ ಭೂಪಟ ಎಂದೆಲ್ಲ ಹೊಗಳಿದ್ದಾರೆ. ಅದರ ಮೂಲ ಅಪ್ಪನ ಓದುವ ಕೋಣೆಯಲ್ಲಿದೆ ಎಂಬುದು ನನ್ನ ಅನಿಸಿಕೆ. ತಪ್ಪು ಮಾಡಿದವನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡುವವನು ನ್ಯಾಯಾಧೀಶ. ಬರ್ಗ್‌ಮನ್ ಆ ನೋಟವನ್ನು ಅಪ್ಪನಿಂದ ತೆಗೆದುಕೊಂಡು ಪ್ರೇಕ್ಷಕನಿಗೆ ಕೊಟ್ಟ.

ನಂಬಿಕೆಯ ಮಾತಿಗೆ ಬಂದರೆ, ಅವನಿಗೆ ದೇವರು ಮೊದಲು ಕಾಣಿಸಿದ್ದು ಗೋಡೆಯ ಮೇಲೆ. ತಂದೆ ಹಳ್ಳಿಯ ಚರ್ಚುಗಳಿಗೆ ಪ್ರಸಂಗ ಮಾಡಲು ಹೋಗುವಾಗ ಹುಡುಗನೂ ಜೊತೆಗೆ ಹೋಗುತ್ತಿದ್ದ. ಪ್ರಸಂಗ ನಡೆಯುತ್ತಿದ್ದರೆ ಅವನ ಕಣ್ಣು ಕಮಾನು ಸೂರಿನ ಮಧ್ಯಯುಗದ ಚಿತ್ರಗಳ ಮೇಲೆ. ಸ್ಟಾಕ್‌ಹೋಮ್ ಬಳಿಯ ಟೇಬಿ ಚರ್ಚಿನಲ್ಲಿ ಹದಿನೈದನೆಯ ಶತಮಾನದ ಆಲ್ಬರ್ಟಸ್ ಪಿಕ್ಟರ್ ಬಿಡಿಸಿದ ಒಂದು ಚಿತ್ರವಿದೆ: ಮನುಷ್ಯನೊಬ್ಬ ಸಾವಿನ ಜೊತೆ ಚದುರಂಗಕ್ಕೆ ಕೂತಿದ್ದಾನೆ. 1957ರಲ್ಲಿ ತೆರೆಕಂಡ 'ದಿ ಸೆವೆಂತ್ ಸೀಲ್'ನ ಹೆಸರಾಂತ ದೃಶ್ಯ ಅದೇ. ಪ್ಲೇಗ್ ಹರಡಿದ ನಾಡಿಗೆ ಧರ್ಮಯುದ್ಧ ಮುಗಿಸಿ ಮರಳುವ ಯೋಧ ದೇವರಿಂದ ಒಂದೇ ಒಂದು ಸುಳಿವು ಕೇಳುತ್ತಾನೆ, ಸಿಗುವುದಿಲ್ಲ. ಇಲ್ಲಿಂದ ಆರಂಭವಾದ ಜಗಳ 1961ರ 'ಥ್ರೂ ಎ ಗ್ಲಾಸ್ ಡಾರ್ಕ್ಲಿ', 1963ರ 'ವಿಂಟರ್ ಲೈಟ್', 'ದಿ ಸೈಲೆನ್ಸ್' ಎಂಬ ಮೂರು ಚಿತ್ರಗಳಲ್ಲಿ ಕೊನೆ ಮುಟ್ಟುತ್ತದೆ. ಮೊದಲನೆಯದರ ಅಂತ್ಯದಲ್ಲಿ ತಂದೆ ಮಗನಿಗೆ ಪ್ರೀತಿಯೇ ದೇವರು ಎಂದು ಸಮಾಧಾನ ಹೇಳುತ್ತಾನೆ. ಎರಡನೆಯದರಲ್ಲಿ ಚರ್ಚಿನ ಆರ್ಗನ್ ನುಡಿಸುವವನ ಬಾಯಲ್ಲಿ ಅದೇ ಮಾತು ಗೇಲಿಯಾಗುತ್ತದೆ. ಎರಡು ವರ್ಷದ ಹಿಂದೆ ತಾನೇ ಬರೆದುಕೊಟ್ಟ ಸಮಾಧಾನವನ್ನು ತಾನೇ ನಗೆಗೀಡು ಮಾಡಿದ್ದು. ಇಂಥ ನಿರ್ದಯೆ ಎಲ್ಲ ನಿರ್ದೇಶಕರಿಗೂ ಇರುವುದಿಲ್ಲ.

'ವಿಂಟರ್ ಲೈಟ್' ಚಿತ್ರದ ಸ್ವೀಡಿಷ್ ಹೆಸರಿನ ಅರ್ಥ ಕರ್ತನ ಭೋಜನಕ್ಕೆ ಬಂದ ಅತಿಥಿಗಳು ಎಂದು. ಒಂದು ಭಾನುವಾರದ ಮಧ್ಯಾಹ್ನದಿಂದ ಮೂರು ಗಂಟೆಯವರೆಗಿನ ಕಥೆ, ಎಂಬತ್ತೊಂದು ನಿಮಿಷದ ಚಿತ್ರ. ಹೆಂಡತಿ ಸತ್ತ ಪಾದ್ರಿ ಟೋಮಾಸ್‌ಗೆ ದೇವರ ಮೇಲೆ ನಂಬಿಕೆ ಉಳಿದಿಲ್ಲ. ಚೀನಾ ಅಣುಬಾಂಬ್ ಮಾಡುತ್ತದೆಂಬ ಭಯದಲ್ಲಿ ಮುಳುಗಿದ ಮೀನುಗಾರನೊಬ್ಬ ಧೈರ್ಯ ಕೇಳಲು ಬರುತ್ತಾನೆ. ಪಾದ್ರಿ ಅವನಿಗೆ ಧೈರ್ಯ ಹೇಳುವ ಬದಲು ತನ್ನ ಶೂನ್ಯವನ್ನೇ ತೋಡಿಕೊಳ್ಳುತ್ತಾನೆ. ಮೀನುಗಾರ ಹೊಳೆಯ ದಡಕ್ಕೆ ಹೋಗಿ ಗುಂಡು ಹೊಡೆದುಕೊಳ್ಳುತ್ತಾನೆ. ಮೂರು ಗಂಟೆಗೆ ಪಕ್ಕದೂರಿನ ಚರ್ಚಿನಲ್ಲಿ ಆರಾಧನೆ ನಡೆಯಬೇಕು, ಬಂದು ಕೂತದ್ದು ದೇವರನ್ನೇ ನಂಬದ ಮಾರ್ತಾ ಒಬ್ಬಳು. ಟೋಮಾಸ್ ಆರಾಧನೆ ಆರಂಭಿಸುತ್ತಾನೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಈ ಅಂತ್ಯ ಎಲ್ಲಿಂದ ಬಂತೆಂದು ಬರ್ಗ್‌ಮನ್ ಆತ್ಮಕಥೆಯಲ್ಲಿ ಹೇಳಿದ್ದಾನೆ. ಚಿತ್ರದ ತಯಾರಿಗೆಂದು ಉಪ್ಸಾಲಾ ಸುತ್ತಿನ ಚರ್ಚುಗಳನ್ನು ನೋಡಲು ಹೊರಟಾಗ ಮುದಿ ತಂದೆಯೂ ಜೊತೆಗಿದ್ದ. ಒಂದು ಚರ್ಚಿನಲ್ಲಿ ಬೆರಳೆಣಿಕೆಯ ಜನ. ಪಾದ್ರಿ ತಡವಾಗಿ ಬಂದು, ಮೈ ಹುಷಾರಿಲ್ಲ, ಇವತ್ತು ಕರ್ತನ ಭೋಜನ ಇಲ್ಲ ಎಂದು ಹೇಳಿದ. ಕೋಲೂರಿಕೊಂಡು ನಡೆಯುವ ಎರಿಕ್ ಬರ್ಗ್‌ಮನ್ ಎದ್ದು ಪಾದ್ರಿಯ ಕೋಣೆಗೆ ಹೋದ, ಏನೋ ಮಾತಾಡಿದ, ನಿಲುವಂಗಿ ತೊಟ್ಟು ಹೊರಬಂದ. ಆರಾಧನೆ ಪೂರ್ತಿಯಾಗಿ ನಡೆಯಿತು. ಏನೇ ಆದರೂ ನಿನ್ನ ಪಾಲಿನ ಆರಾಧನೆಯನ್ನು ನೀನು ನಡೆಸಲೇಬೇಕು ಎಂಬ ನಿಯಮವನ್ನು ತಾನು ಅವತ್ತು ಕಲಿತೆ ಎನ್ನುತ್ತಾನೆ ಮಗ. ಎಂಥ ತಿರುವು ನೋಡಿ. ನಂಬಿಕೆಯ ಸಾವಿನ ಬಗ್ಗೆ ಚಿತ್ರ ಮಾಡಹೊರಟವನಿಗೆ ಅದರ ಕೊನೆಯ ದೃಶ್ಯವನ್ನು ಕೊಟ್ಟದ್ದು ನಂಬಿಕೆಯಿದ್ದ ಅಪ್ಪ, ಬಾಲ್ಯದಲ್ಲಿ ಹೊಡೆದ ಅದೇ ಅಪ್ಪ. ಪಾದ್ರಿಯ ಪೂರ್ಣ ಹೆಸರು ಟೋಮಾಸ್ ಎರಿಕ್ಸನ್, ಅಂದರೆ ಎರಿಕ್‌ನ ಮಗ. ಇದು ಕಾಕತಾಳೀಯ ಎಂದು ನಂಬುವುದು ಕಷ್ಟ. ಛಾಯಾಗ್ರಾಹಕ ಸ್ವೆನ್ ನಿಕ್ವಿಸ್ಟ್ ಕೂಡ ಕಾಂಗೋದಲ್ಲಿದ್ದ ಮಿಷನರಿ ದಂಪತಿಯ ಮಗ. ಚಳಿಗಾಲದ ಚರ್ಚಿನೊಳಗೆ ನೆರಳೇ ಬೀಳದ ಬೂದು ಬೆಳಕು ಗಂಟೆಗಂಟೆಗೆ ಹೇಗೆ ಬದಲಾಗುತ್ತದೆಂದು ಇಬ್ಬರೂ ಕೂತು ಗಮನಿಸಿದರು. ಇಡೀ ಚಿತ್ರದ ಬೆಳಕು ನಿಂತಿರುವುದು ಆ ಗಮನದ ಮೇಲೆ. ಬಾಲ್ಯದ ನಂಬಿಕೆ ಹೋದ ಮೇಲೂ ಚರ್ಚಿನಲ್ಲಿ ಸುಮ್ಮನೆ ಕೂರುವ ಅಭ್ಯಾಸ ಇಬ್ಬರಲ್ಲೂ ಉಳಿದಿತ್ತು.

ಇನ್ನು ತಿದ್ದುಪಡಿಯ ವಿಚಾರ. 1944ರಲ್ಲಿ ಆಲ್ಫ್ ಶೋಬೆರಿ ನಿರ್ದೇಶಿಸಿದ 'ಟಾರ್ಮೆಂಟ್' ಚಿತ್ರಕ್ಕೆ ಇಪ್ಪತ್ತೈದರ ಬರ್ಗ್‌ಮನ್ ಬರೆದ ಚಿತ್ರಕಥೆಯಲ್ಲಿ ದೊಡ್ಡವರೆಂದರೆ ಹಿಂಸಕರು. ಅಲ್ಲಿನ ಲ್ಯಾಟಿನ್ ಮೇಷ್ಟ್ರಿಗೆ ಹುಡುಗರು ಇಟ್ಟ ಅಡ್ಡಹೆಸರೇ ಕ್ಯಾಲಿಗುಲಾ. 1957ರ 'ವೈಲ್ಡ್ ಸ್ಟ್ರಾಬೆರೀಸ್' ಹೊತ್ತಿಗೆ ಹಿಂಸಕನ ಜಾಗಕ್ಕೆ ತಣ್ಣಗಿನ ಮುದುಕ ಬರುತ್ತಾನೆ: ಪ್ರೊಫೆಸರ್ ಇಸಾಕ್ ಬೋರಿ. ಆ ಪಾತ್ರದಲ್ಲಿ ಸ್ವೀಡಿಷ್ ಸಿನಿಮಾದ ಹಿರಿಯ ವಿಕ್ಟರ್ ಶೋಸ್ಟ್ರೋಮ್. ಇಸಾಕ್ ಬೋರಿ ಎಂಬ ಹೆಸರಿನಲ್ಲಿ ಸ್ವೀಡಿಷ್‌ನ ಮಂಜುಗಡ್ಡೆಯೂ ಇದೆ, ಕೋಟೆಯೂ ಇದೆ. ಅಪ್ಪನನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಪಾತ್ರವನ್ನು ಬರೆದೆ ಎಂದುಕೊಂಡಿದ್ದ ಬರ್ಗ್‌ಮನ್ ಬಹಳ ವರ್ಷಗಳ ಮೇಲೆ, ಅಲ್ಲಿರುವುದು ನಾನೇ, ಹೆಸರಿನ ಮೊದಲ ಅಕ್ಷರಗಳೂ ನನ್ನವೇ ಎಂದು ಒಪ್ಪಿಕೊಂಡ. 1982ರ 'ಫ್ಯಾನಿ ಅಂಡ್ ಅಲೆಕ್ಸಾಂಡರ್'ನಲ್ಲಿ ಅಪ್ಪ ಇಬ್ಬರಾಗಿ ಸೀಳಿದ್ದಾನೆ. ನಾಟಕದ ಮನೆಯ ಮೆತ್ತನೆಯ ಅಪ್ಪ ಹ್ಯಾಮ್ಲೆಟ್‌ನ ತಂದೆಯ ಪ್ರೇತದ ಪಾತ್ರದ ತಾಲೀಮಿನಲ್ಲಿ ಕುಸಿದು ಸಾಯುತ್ತಾನೆ, ಅವನ ಜಾಗಕ್ಕೆ ಮಲತಂದೆಯಾಗಿ ಬಿಷಪ್ ವೆರ್ಗೇರುಸ್ ಬರುತ್ತಾನೆ. ತನ್ನನ್ನು ಸರ್ಕಸ್‌ಗೆ ಮಾರಿದ್ದಾರೆ ಎಂದು ಶಾಲೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಬಾಲಕ ಬರ್ಗ್‌ಮನ್ ಮನೆಯಲ್ಲಿ ಅನುಭವಿಸಿದ್ದ. ಅದೇ ಸುಳ್ಳನ್ನು ಚಿತ್ರದಲ್ಲಿ ಅಲೆಕ್ಸಾಂಡರ್ ಹೇಳುತ್ತಾನೆ. ಬಿಷಪ್ ಬೆಂಕಿಯಲ್ಲಿ ಸಾಯುತ್ತಾನೆ, ಮಕ್ಕಳು ಬಿಡುಗಡೆಯಾಗುತ್ತಾರೆ. ಸೇಡು ತೀರಿತು ಎನ್ನುವಷ್ಟರಲ್ಲಿ ಕಾರಿಡಾರಿನಲ್ಲಿ ಹಿಂದಿನಿಂದ ಬಂದ ಬಿಷಪ್‌ನ ಪ್ರೇತ ಹುಡುಗನನ್ನು ನೆಲಕ್ಕೆ ತಳ್ಳುತ್ತದೆ, ನನ್ನಿಂದ ನಿನಗೆ ತಪ್ಪಿಸಿಕೊಳ್ಳಲಾಗದು ಎನ್ನುತ್ತದೆ. ನಾಲ್ಕು ಆಸ್ಕರ್ ಪಡೆದ, ಹಬ್ಬದಂತಿರುವ ಚಿತ್ರದಲ್ಲಿ ಈ ಒಂದು ಗಳಿಗೆ ನನಗೆ ಉಳಿದೆಲ್ಲಕ್ಕಿಂತ ನಿಜ ಅನಿಸುತ್ತದೆ.

ಅದು ಕೊನೆಯ ತೀರ್ಪೂ ಆಗಿರಲಿಲ್ಲ. 1966ರಲ್ಲಿ ಕರಿನ್ ತೀರಿಕೊಂಡ ಮೇಲೆ ಅವಳು ಗುಟ್ಟಾಗಿ ಬರೆದಿಡುತ್ತಿದ್ದ ದಿನಚರಿಗಳು ಸಿಕ್ಕಿದವು. ಮನೆಯವರು ಯಾರೂ ಕಾಣದ ಒಬ್ಬ ಹೆಂಗಸು, ದಾಂಪತ್ಯದಲ್ಲಿ ಉಸಿರುಗಟ್ಟಿದವಳು, ಅವುಗಳಲ್ಲಿದ್ದಳು. ಆಗ ಬರ್ಗ್‌ಮನ್‌ಗೆ ಅಪ್ಪ ಅಮ್ಮ ಎಂಬ ಪಾತ್ರಗಳ ಹಿಂದೆ ಇಬ್ಬರು ಮನುಷ್ಯರು ಕಾಣತೊಡಗಿದರು. ಅವಳ ಹಳೆಯ ಫೋಟೋಗಳನ್ನಷ್ಟೇ ಇಟ್ಟುಕೊಂಡು 'ಕರಿನ್‌ಳ ಮುಖ' ಎಂಬ ಮಾತಿಲ್ಲದ ಕಿರುಚಿತ್ರ ಮಾಡಿದ. ಆಮೇಲೆ ಬರೆದ 'ದಿ ಬೆಸ್ಟ್ ಇಂಟೆನ್ಶನ್ಸ್' ತಂದೆತಾಯಿಯ ಪ್ರೇಮ ಮತ್ತು ಮದುವೆಯ ಮೊದಲ ವರ್ಷಗಳ ಕಥೆ. ಬಿಲ್ಲೆ ಆಗಸ್ಟ್ ನಿರ್ದೇಶನದ ಆ ಚಿತ್ರಕ್ಕೆ 1992ರಲ್ಲಿ ಕಾನ್ ಉತ್ಸವದ ಪಾಮ್ ದೋರ್ ಬಂತು. ಅದರ ನಾಯಕ ಅವಮಾನವನ್ನು ನುಂಗಿ ನುಂಗಿ ಗಡುಸಾದ ಬಡ ವಿದ್ಯಾರ್ಥಿ. ಕಥೆ ನಿಲ್ಲುವುದು 1918ರ ಬೇಸಿಗೆಯಲ್ಲಿ, ಎರಡನೆಯ ಮಗ ಇನ್ನೂ ಹೊಟ್ಟೆಯಲ್ಲಿರುವಾಗ. ಅಂದರೆ ದೂರು ಹೇಳುವ ಮಗನೇ ಹುಟ್ಟದ ಕಾಲಕ್ಕೆ ಹೋಗಿ ಅವನು ಅಪ್ಪನನ್ನು ನೋಡಿಬಂದ. ಅದೇ ವರ್ಷ ಬಂದ 'ಸಂಡೇಸ್ ಚಿಲ್ಡ್ರನ್' ಎಂಟು ವರ್ಷದ ಹುಡುಗ ಅಪ್ಪನ ಜೊತೆ ಸೈಕಲ್ಲಿನಲ್ಲಿ ಹಳ್ಳಿಯ ಚರ್ಚಿಗೆ ಹೋಗಿಬರುವ ಒಂದು ದಿನದ ಕಥೆ. ಅದನ್ನು ನಿರ್ದೇಶಿಸಿದವನು ಬರ್ಗ್‌ಮನ್‌ನ ಮಗ ಡೇನಿಯಲ್. 1996ರ 'ಪ್ರೈವೇಟ್ ಕನ್ಫೆಷನ್ಸ್' ತಾಯಿಯ ವಿವಾಹೇತರ ಪ್ರೇಮದ್ದು. ಅದರ ನಿರ್ದೇಶನವನ್ನು ನಟಿ ಲಿವ್ ಉಲ್ಮನ್ ಕೈಗೆ ಕೊಟ್ಟ. 1944ರ ರಾಕ್ಷಸನಿಂದ ತೊಂಬತ್ತರ ದಶಕದ ಈ ಬಡ ವಿದ್ಯಾರ್ಥಿಯವರೆಗೆ ಎರಿಕ್ ಬರ್ಗ್‌ಮನ್ ಬದಲಾಗಲಿಲ್ಲ, ಅವನು 1970ರಲ್ಲೇ ತೀರಿಕೊಂಡಿದ್ದ. ಬದಲಾದದ್ದು ಚಿತ್ರ ಮಾಡುವವನ ಕಣ್ಣು. ಪ್ರತಿ ಚಿತ್ರವೂ ಅದಕ್ಕೆ ಸ್ವಲ್ಪ ಸ್ವಲ್ಪ ಕಾರಣವಾಯಿತು ಎಂಬುದು ನನ್ನ ವಾದದ ತಿರುಳು. ಬಾಲ್ಯ ಸಿನಿಮಾವನ್ನು ರೂಪಿಸಿತು ಎಂಬುದು ಎಷ್ಟು ನಿಜವೋ, ಸಿನಿಮಾ ಆ ಬಾಲ್ಯವನ್ನು ರೂಪಿಸಿತು ಎಂಬುದೂ ಅಷ್ಟೇ ನಿಜ.

ಹಾಗಾದರೆ ಸಂಕಟಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದು ಹಸಿಯಾಗಿ ಬಳಕೆಗೆ ಬರುವುದಿಲ್ಲ. ಬರ್ಗ್‌ಮನ್‌ನ ಬದುಕೇ ಇದಕ್ಕೆ ಒಂದು ಪರೀಕ್ಷೆ ಒಡ್ಡಿತು. 1976ರ ಜನವರಿ 30ರಂದು ಸ್ಟಾಕ್‌ಹೋಮ್‌ನ ರಾಜ ನಾಟಕಶಾಲೆಯಲ್ಲಿ ಸ್ಟ್ರಿಂಡ್‌ಬರ್ಗ್‌ನ ನಾಟಕದ ತಾಲೀಮು ನಡೆಸುತ್ತಿದ್ದಾಗ ಪೊಲೀಸರು ಬಂದು ತೆರಿಗೆ ಪ್ರಕರಣದಲ್ಲಿ ಅವನನ್ನು ಕರೆದೊಯ್ದರು. ಕೆಲವೇ ವಾರಗಳಲ್ಲಿ ಮೊಕದ್ದಮೆ ಬಿದ್ದುಹೋಯಿತು. ಆದರೆ ಮನುಷ್ಯ ಕುಸಿದಿದ್ದ, ಮಾನಸಿಕ ಚಿಕಿತ್ಸೆಗೆ ಆಸ್ಪತ್ರೆ ಸೇರಿದ್ದ, ಏಪ್ರಿಲ್‌ನಲ್ಲಿ ದೇಶವನ್ನೇ ಬಿಟ್ಟು ಮ್ಯೂನಿಕ್‌ಗೆ ಹೋದ. ನೋವು ನೇರವಾಗಿ ಕಲೆಯಾಗುವುದಾದರೆ ಆ ಬೆನ್ನಿಗೇ ಬಂದ ಚಿತ್ರ ಅವನ ಶ್ರೇಷ್ಠ ಕೃತಿಯಾಗಬೇಕಿತ್ತು. ಬಂದದ್ದು 1977ರ 'ದಿ ಸರ್ಪೆಂಟ್ಸ್ ಎಗ್': ಇಪ್ಪತ್ತರ ದಶಕದ ಬರ್ಲಿನ್‌ನ ದೊಡ್ಡ ಸೆಟ್, ಇಂಗ್ಲಿಷ್ ಮಾತು, ಕೈಬಿಚ್ಚಿ ಖರ್ಚು, ಎಲ್ಲೆಲ್ಲೂ ಭಯ. ಅವನ ಅಭಿಮಾನಿಗಳೂ ಅದನ್ನು ಮೆಚ್ಚಲಿಲ್ಲ. ಇದಕ್ಕೆ ಎದುರಾಗಿ 1965ರಲ್ಲಿ ಕಾಯಿಲೆಯಿಂದ ಮಲಗಿದ್ದಾಗ ಬರೆದ 'ಪರ್ಸೋನಾ'ವನ್ನು ಇಟ್ಟು ನೋಡಿ. ಬರೆದದ್ದು ತಂದೆ ಹಿಂದೆ ಸೇವೆ ಮಾಡಿದ್ದ ಅದೇ ಸೋಫಿಯಾಹೆಮ್ಮೆಟ್ ಆಸ್ಪತ್ರೆಯಲ್ಲಿ. ಎರಡು ಸಲವೂ ಸಂಕಟ ಇತ್ತು. ಆದರೆ 'ಪರ್ಸೋನಾ' ಮಾಡುವಾಗ ತನ್ನ ಭಾಷೆ ಇತ್ತು, ನಿಕ್ವಿಸ್ಟ್ ಇದ್ದ, ಫೋರೋ ದ್ವೀಪದ ಕಲ್ಲಿನ ದಡ ಇತ್ತು, ನಟಿಯರಾದ ಬೀಬಿ ಆಂಡರ್ಸನ್ ಮತ್ತು ಲಿವ್ ಉಲ್ಮನ್ ಇದ್ದರು. ಮ್ಯೂನಿಕ್‌ಗೂ ನಿಕ್ವಿಸ್ಟ್, ಉಲ್ಮನ್ ಬಂದರು, ನಿಜ. ಭಾಷೆಯೂ ನೆಲವೂ ಬರಲಿಲ್ಲ. 1976ರ ಅವಮಾನ ಮಾಗಿ ಕೈಗೆ ಬಂದದ್ದು ಆರು ವರ್ಷದ ಮೇಲೆ, ಮಗುವನ್ನು ವಿಚಾರಣೆಗೆ ನಿಲ್ಲಿಸಿ ತಪ್ಪೊಪ್ಪಿಸುವ ಆ ಬಿಷಪ್‌ನ ದೃಶ್ಯದಲ್ಲಿ ಎಂದು ನನಗೆ ತೋರುತ್ತದೆ. ಇನ್ನು ದಿನನಿತ್ಯದ ಸಂಕಟ, ಅಂದರೆ ದುಡ್ಡಿನದು: 1951ರಲ್ಲಿ ಸ್ವೀಡನ್ನಿನ ಚಿತ್ರೋದ್ಯಮ ಸ್ಥಗಿತಗೊಂಡಾಗ ಬೆಳೆಯುತ್ತಿದ್ದ ಸಂಸಾರಗಳ ಖರ್ಚಿಗೆಂದು ಬರ್ಗ್‌ಮನ್ 'ಬ್ರಿಸ್' ಎಂಬ ಸೋಪಿಗೆ ಒಂಬತ್ತು ಜಾಹೀರಾತು ಮಾಡಿದ. ಚೆನ್ನಾಗಿಯೇ ಮಾಡಿದ. ದಿನಾ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಮೇಜಿನ ಮುಂದೆ ಕೂತು ಕೈಯಲ್ಲೇ ಬರೆಯುವುದು, ಬೇಸಿಗೆಗೆ ಸಿನಿಮಾ, ಚಳಿಗಾಲಕ್ಕೆ ನಾಟಕ. ನುಡಿನಮನಗಳಲ್ಲಿ ಈ ಕಸುಬಿನ ಶಿಸ್ತಿಗೆ ಒಂದು ಸಾಲೂ ಸಿಗುವುದಿಲ್ಲ. ಬಹುಶಃ ಅದರಲ್ಲಿ ಕಣ್ಣೀರು ಇಲ್ಲದಿರುವುದಕ್ಕೆ.

ಈ ವಾದಕ್ಕೆ ಆಕ್ಷೇಪಗಳಿವೆ, ಹಗುರವಾದವಲ್ಲ. ಮೊದಲನೆಯದು: ನೀವು ಆಧಾರ ಮಾಡಿಕೊಂಡ ಆತ್ಮಕಥೆಯನ್ನೇ ನಂಬುವಂತಿಲ್ಲವಲ್ಲ? ಹೌದು. ಬರ್ಗ್‌ಮನ್ ಕಥೆ ಕಟ್ಟುವ ಮನುಷ್ಯ. ಆ ಮನೆಯ ಚಿತ್ರ ಪೂರ್ತಿ ಹಾಗಿರಲಿಲ್ಲ ಎಂಬ ತಕರಾರು ಒಡಹುಟ್ಟಿದವರ ಕಡೆಯಿಂದಲೇ ಬಂದಿದೆ. ಬೀರುವಿನ ಕತ್ತಲೆ ಎಷ್ಟು ದಟ್ಟವಾಗಿತ್ತೋ ಯಾರೂ ಅಳೆಯಲಾರರು. ಆದರೆ ಈ ಆಕ್ಷೇಪ ಕೆಡವುವುದು ಗಾಯವೇ ಎಲ್ಲಕ್ಕೂ ಕಾರಣ ಎನ್ನುವವರ ವಾದವನ್ನು. ಅವರಿಗೆ ಗಾಯ ನಿಜವಾಗಿರಲೇಬೇಕು. ನನ್ನ ವಾದಕ್ಕೆ ಬೇಕಾದದ್ದು ಅವನು ಒಂದೇ ಸಂಗತಿಯನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯಾಗಿ ಹೇಳಿದ ಎಂಬ ಪುರಾವೆ ಮಾತ್ರ, ಅದು ಚಿತ್ರಗಳಲ್ಲೇ ಇದೆ. ಅಷ್ಟಕ್ಕೂ ಆ ಪುಸ್ತಕ ತನ್ನನ್ನು ಬಚಾವು ಮಾಡಿಕೊಳ್ಳಲು ಬರೆದದ್ದಲ್ಲ. ಹದಿಹರೆಯದಲ್ಲಿ, 1934ರ ಬೇಸಿಗೆಯಲ್ಲಿ, ಜರ್ಮನಿಗೆ ಹೋಗಿ ಹಿಟ್ಲರ್‌ಗೆ ಮರುಳಾದದ್ದನ್ನು, ಆ ಮರುಳು ವರ್ಷಗಟ್ಟಲೆ ಇದ್ದದ್ದನ್ನು ಅಲ್ಲಿ ಅವನೇ ಹೇಳಿಕೊಂಡಿದ್ದಾನೆ. ಆಸ್ಪತ್ರೆಯಲ್ಲಿದ್ದ ತಂದೆಯನ್ನು ನೋಡಲು ಬರುವುದಿಲ್ಲ ಎಂದದ್ದಕ್ಕೆ ತಾಯಿ ನಾಟಕಶಾಲೆಗೇ ಬಂದು ಕೆನ್ನೆಗೆ ಹೊಡೆದದ್ದನ್ನೂ ಬಿಟ್ಟಿಲ್ಲ. ಅದಾದ ಕೆಲವೇ ದಿನಕ್ಕೆ ಅವಳು ತೀರಿಕೊಂಡಳು.

ಎರಡನೆಯ ಆಕ್ಷೇಪ ಸ್ವೀಡನ್ನಿನಿಂದಲೇ ಬಂತು. 1962ರಲ್ಲಿ ಬೋ ವಿಡರ್‌ಬೆರಿ ಎಂಬ ಕಿರಿಯ ನಿರ್ದೇಶಕ ಒಂದು ಪುಸ್ತಕ ಬರೆದು, ಬರ್ಗ್‌ಮನ್ ಸದಾ ಮೇಲಕ್ಕೆ, ದೇವರ ಕಡೆಗೆ ನೋಡುತ್ತಾನೆ, ಅಕ್ಕಪಕ್ಕದ ಮನುಷ್ಯರನ್ನು ನೋಡುವುದಿಲ್ಲ ಎಂದು ಟೀಕಿಸಿದ. ಪಾದ್ರಿಯ ಮನೆಯ ಖಾಸಗಿ ತಳಮಳ ಉಳಿದವರಿಗೆ ಯಾಕೆ ಬೇಕು ಎಂಬುದು ಇದರ ಸಾರ. ಈ ಟೀಕೆಯಲ್ಲಿ ಅರ್ಧ ನ್ಯಾಯವಿದೆ. ಕೂಲಿ, ಬಾಡಿಗೆ, ಚುನಾವಣೆ ಇವು ಬರ್ಗ್‌ಮನ್‌ನ ಲೋಕದೊಳಕ್ಕೆ ಬರುವುದು ಅಪರೂಪ. ಉಳಿದರ್ಧಕ್ಕೆ ಉತ್ತರ ಕೊಡಲು ಕನ್ನಡದವರಷ್ಟು ಸಮರ್ಥರು ಬೇರೆ ಯಾರಿದ್ದಾರೆ? ಅರವತ್ತರ ದಶಕದ ನಡುವೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಯು.ಆರ್. ಅನಂತಮೂರ್ತಿಯವರು ತಮ್ಮ ಗುರು ಮಾಲ್ಕಮ್ ಬ್ರಾಡ್‌ಬರಿ ಜೊತೆ 'ದಿ ಸೆವೆಂತ್ ಸೀಲ್' ನೋಡಿದರು. ಅಡಿಬರಹಗಳಿರಲಿಲ್ಲ, ಮಾತು ಅರ್ಥವಾಗಲಿಲ್ಲ. ಯುರೋಪಿನವರು ಓದಿ ತಿಳಿದು ಕಟ್ಟಿಕೊಳ್ಳಬೇಕಾದ ಮಧ್ಯಯುಗ ನನ್ನಂಥ ಭಾರತೀಯನಿಗೆ ಈಗಲೂ ಜೊತೆಯಲ್ಲೇ ಇರುವಂಥದ್ದು ಎಂಬ ಮಾತು ಅವರಿಬ್ಬರ ನಡುವೆ ಬಂತು, ಹಾಗಾದರೆ ಅದನ್ನು ಬರೆಯಬೇಕು ಎಂದರು ಬ್ರಾಡ್‌ಬರಿ. ಅಲ್ಲಿಂದ 'ಸಂಸ್ಕಾರ' ಹೊರಟಿತು ಎಂದು ಅನಂತಮೂರ್ತಿಯವರೇ ಹೇಳಿಕೊಂಡಿದ್ದಾರೆ. ಎರಡರಲ್ಲೂ ಪ್ಲೇಗ್ ಇದೆ. ಎರಡರಲ್ಲೂ ಶಾಸ್ತ್ರ ಬಲ್ಲವನಿಗೆ ಶಾಸ್ತ್ರದಲ್ಲಿ ಉತ್ತರ ಸಿಗುವುದಿಲ್ಲ. ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂದು ತಿಳಿಯದೆ ಪ್ರಾಣೇಶಾಚಾರ್ಯರು ಮಾರುತಿಯ ಗುಡಿಯಲ್ಲಿ ಹೂವಿನ ಅಪ್ಪಣೆ ಬೇಡುತ್ತ ಕೂರುತ್ತಾರೆ, ಮಾರುತಿ ಎಡಕ್ಕೂ ಕೊಡುವುದಿಲ್ಲ, ಬಲಕ್ಕೂ ಕೊಡುವುದಿಲ್ಲ. ಅಗ್ರಹಾರದ ಗುಡಿಯ ಈ ಮೌನವೂ ಸ್ವೀಡನ್ನಿನ ಚರ್ಚಿನ ಆ ಮೌನವೂ ಒಂದರ ನಕಲು ಇನ್ನೊಂದಲ್ಲ. ಒಂದನ್ನು ಕಂಡವರಿಗೆ ಇನ್ನೊಂದು ತಮ್ಮದೆಂದು ಗುರುತು ಸಿಕ್ಕಿತು, ಅಷ್ಟೆ. ಖಾಸಗಿಯಾದದ್ದನ್ನು ಸಾಕಷ್ಟು ಆಳಕ್ಕೆ ಅಗೆದರೆ ನೀರು ಮಲೆನಾಡಿನಲ್ಲೂ ಸಿಗುತ್ತದೆ.

ಮೂರನೆಯ ಆಕ್ಷೇಪಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಈ ತಿದ್ದುಪಡಿಯ ಖರ್ಚನ್ನು ಯಾರು ಕೊಟ್ಟರು? ಅವನು ಬಿಟ್ಟುಹೋದ ಹೆಂಡತಿಯರು, ಅಪ್ಪನನ್ನು ಸರಿಯಾಗಿ ಕಾಣದೆ ಬೆಳೆದ ಮಕ್ಕಳು. ತನ್ನ ಅಪ್ಪನನ್ನು ಅರ್ಥಮಾಡಿಕೊಳ್ಳಲು ಐವತ್ತು ವರ್ಷ ಕೊಟ್ಟವನು ತಾನು ಅಪ್ಪನಾಗಿರಲು ಅದರ ಒಂದು ಪಾಲೂ ಕೊಡಲಿಲ್ಲ, ಇದನ್ನು ಅವನೂ ಮುಚ್ಚಿಟ್ಟಿಲ್ಲ. ಚಿತ್ರಗಳು ದೊಡ್ಡವು ಎಂಬ ಕಾರಣಕ್ಕೆ ಈ ಲೆಕ್ಕವನ್ನು ಮನ್ನಾ ಮಾಡುವುದು ಸರಿಯಲ್ಲ. ಮಕ್ಕಳ ಬದುಕು ಹಾಳಾಗದಿದ್ದರೆ ಚಿತ್ರಗಳೇ ಬರುತ್ತಿರಲಿಲ್ಲ ಎನ್ನುವುದಂತೂ ಸೋಮಾರಿ ವಾದ. ಸಂಸಾರವನ್ನು ಕಡೆಗಣಿಸಿಯೂ ಒಂದು ಒಳ್ಳೆಯ ದೃಶ್ಯ ತೆಗೆಯಲಾರದ ನಿರ್ದೇಶಕರು ಎಲ್ಲ ದೇಶಗಳಲ್ಲೂ ಇದ್ದಾರೆ. ಆದರೆ ಆ ಮಕ್ಕಳಲ್ಲೊಬ್ಬಳು ಅಪ್ಪನ ಮೇಲಿನ ದೂರನ್ನು ಅಪ್ಪನ ಉಪಾಯದಿಂದಲೇ ಎದುರಿಸಿದಳು. ಲಿನ್ ಉಲ್ಮನ್, ಬರ್ಗ್‌ಮನ್ ಮತ್ತು ಲಿವ್ ಉಲ್ಮನ್‌ರ ಮಗಳು, 1966ರಲ್ಲಿ 'ಪರ್ಸೋನಾ' ಬಿಡುಗಡೆಯಾದ ವರ್ಷ ಹುಟ್ಟಿದವಳು, ನಾರ್ವೆಯ ಹೆಸರಾಂತ ಕಾದಂಬರಿಕಾರ್ತಿ. ಮುಪ್ಪಿನ ಬಗ್ಗೆ ಇಬ್ಬರೂ ಸೇರಿ ಒಂದು ಪುಸ್ತಕ ಮಾಡಬೇಕೆಂದು ಮಾತಾಗಿತ್ತು. 2007ರಲ್ಲಿ ಅವಳು ಪುಟ್ಟ ರೆಕಾರ್ಡರ್ ಹಿಡಿದು ಫೋರೋಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಅಪ್ಪನ ನೆನಪು ಕೈಕೊಡುತ್ತಿತ್ತು, ಮಾತು ತಪ್ಪುತ್ತಿತ್ತು. ಆ ಜುಲೈನಲ್ಲಿ ಅವನು ತೀರಿಕೊಂಡ. ಅವಳು ಹಲವು ವರ್ಷ ಆ ಧ್ವನಿಮುದ್ರಣಗಳನ್ನು ಕೇಳಲಾರದೆ ಎತ್ತಿಟ್ಟಿದ್ದಳು. ಆಮೇಲೆ ಕೇಳಿದಳು, ಬರೆದಳು. 2015ರಲ್ಲಿ ಹೊರಬಂದ ಆ ಪುಸ್ತಕದಲ್ಲಿ ಅಪ್ಪ ಇದ್ದಾನೆ, ಅಮ್ಮ ಇದ್ದಾಳೆ, ಹುಡುಗಿ ಇದ್ದಾಳೆ. ಅದನ್ನು ಅವಳು ನೆನಪುಗಳ ಪುಸ್ತಕ ಎಂದು ಕರೆಯಲಿಲ್ಲ, ಕಾದಂಬರಿ ಎಂದಳು.